ಅಲಗಿಗಿಂತ ಹಿಡಿ ಮೊದಲು

ಕತ್ತಿ, ಕುಡುಗೋಲು ಸಾಮಾನ್ಯವಾಗಿ ಕೆಡುವುದು ಅಲಗಿನಲ್ಲಲ್ಲ. ಅಲಗು ಹಿಡಿಯನ್ನು ಸೇರುವ ಜಾಗದಲ್ಲಿ. ದಾವಣಗೆರೆ ಜಿಲ್ಲೆಯ ಬೆಳೆಗಳು ಈ ಮಾತಿಗೆ ಒರೆಗಲ್ಲು. ಚನ್ನಗಿರಿ, ನ್ಯಾಮತಿಯ ತೋಟಗಳಲ್ಲಿ ಹಸಿ ಅಡಿಕೆ ಸುಲಿಯಲು ಮೆಟ್ಟುಗತ್ತಿ ಬೇಕು. ತುಂಗಭದ್ರೆಯ ದಂಡೆಯ ಹೊನ್ನಾಳಿಯಲ್ಲಿ ಭತ್ತಕ್ಕೆ, ಮಳೆ ಕಡಿಮೆಯ ಜಗಳೂರಿನಲ್ಲಿ ಮೆಕ್ಕೆಜೋಳದ ದಂಟಿಗೆ ಕುಡುಗೋಲು ಬೇಕು.

ಹಾಗೆಂದು ಅಲಗನ್ನು ಮರೆಯುವಂತಿಲ್ಲ; ಇವನ್ನು ಮಾಡುವಾಗ ಗಮನಿಸಬೇಕಾದವುಗಳಲ್ಲಿ ಮೊದಲನೆಯದು ಅಲಗಿನ ಹದ. ಹಳೆಯ ಲಾರಿಯ ಕಮಾನು ಪಟ್ಟಿ ಒಳ್ಳೆಯ ಉಕ್ಕು. ಆದರೆ ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಅಷ್ಟಕ್ಕೇ ಬಿಟ್ಟರೆ ಅಲಗು ಗಾಜಿನಂತೆ ಪೆಡಸಾಗಿ, ಗಂಟು ತಗುಲಿದಾಗ ಬಾಯಿ ಮುಕ್ಕಾಗುತ್ತದೆ. ಅದ್ದಿದ ಮೇಲೆ ಉಜ್ಜಿ ಬೆಳಗಿಸಿ, ಮತ್ತೆ ನಿಧಾನವಾಗಿ ಕಾಯಿಸಬೇಕು. ಸುಮಾರು 220ರಿಂದ 240 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೋಹದ ಮೇಲೆ ಒಣಹುಲ್ಲಿನ ಬಣ್ಣ ಮೂಡುತ್ತದೆ. ಅದೇ ನಿಲ್ಲಿಸುವ ಗುರುತು.

ಎರಡನೆಯದು ಬಾಲ, ಅಂದರೆ ಹಿಡಿಯೊಳಗೆ ಹೋಗುವ ಅಲಗಿನ ತುದಿ. ಮೊಳೆಯಂತೆ ಸಣ್ಣದಾದ ಬಾಲವನ್ನು ಕಾಯಿಸಿ ಮರಕ್ಕೆ ಹೊಡೆದು ಕೂರಿಸುವುದು ರೂಢಿ. ಗದ್ದೆಯಲ್ಲಿ ನೆನೆದು ಉಬ್ಬುವ, ಬಿಸಿಲಿಗೆ ಒಣಗಿ ಕುಗ್ಗುವ ಮರ ಅದನ್ನು ಬೇಗ ಸಡಿಲಿಸುತ್ತದೆ. ಬೀಸುವಾಗ ಅಲಗು ಕಳಚಿದರೆ ಪಕ್ಕದ ಸಾಲಿನವರಿಗೆ ಅಪಾಯ. ಬಾಲ ಹಿಡಿಯ ಪೂರ್ತಿ ಉದ್ದಕ್ಕೂ ಅಗಲವಾಗಿದ್ದು, ಎರಡು ಬದಿಯ ಮರಕ್ಕೆ ಸೇರಿ ಮೂರು ರಿವೆಟ್ ಬಿದ್ದರೆ ಈ ಭಯವಿಲ್ಲ.

ಮೂರನೆಯದು ಹಿಡಿಯ ಆಕಾರ. ದುಂಡು ಹಿಡಿ ಬೆವರಿದ ಮುಷ್ಟಿಯಲ್ಲಿ ತಿರುಗುತ್ತದೆ. ಮೊಟ್ಟೆಯಂತೆ ತುಸು ಚಪ್ಪಟೆಯಾದದ್ದು ತಿರುಗುವುದಿಲ್ಲ. ಬುಡದಲ್ಲಿ ಉಬ್ಬಿದ್ದರೆ ಜಾರುವುದಿಲ್ಲ. ಹೆಂಗಸರ ಕೈಗೆ ತೆಳುವಾದ ಹಿಡಿ, ಎಡಗೈಯವರಿಗೆ ಇನ್ನೊಂದು ಮಗ್ಗುಲಿಗೆ ಮಸೆದ ಅಲಗು ಸಂತೆಯಲ್ಲೇ ಸಿಗಬೇಕು. ಕೆಂಪು ಬಣ್ಣ ಬಳಿದರೆ ಹುಲ್ಲಿನಲ್ಲಿ ಇಟ್ಟದ್ದು ಕಣ್ಣಿಗೆ ಬೀಳುತ್ತದೆ.

ಭತ್ತಕ್ಕೆ ಹಗುರವಾದ ಹಲ್ಲಿನ ಅಲಗು ಒಳ್ಳೆಯದು. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆಯ ‘ನವೀನ್’ ಕುಡುಗೋಲು ಈ ಬಗೆಯದು. ಹಲ್ಲು ಸವೆದರೆ ಮನೆಯ ಕಲ್ಲಿನಲ್ಲಿ ಮಸೆಯಲಾಗದು. ಆದ್ದರಿಂದ ಹಿಡಿ ಉಳಿಸಿಕೊಂಡು ಅಲಗನ್ನು ಮಾತ್ರ ಬದಲಿಸುವ ವ್ಯವಸ್ಥೆ ಬೇಕು. ದಪ್ಪ ದಂಟಿನ ಮೆಕ್ಕೆಜೋಳಕ್ಕೆ ಮಸೆಯಬಹುದಾದ ನಯವಾದ ಬಾಯಿ, ತುಸು ಭಾರದ ಅಲಗೇ ಸರಿ.

ಮೆಟ್ಟುಗತ್ತಿಯ ಲೆಕ್ಕ ಬೇರೆ. ಅಲ್ಲಿ ಕತ್ತಿ ನಿಂತಿರುತ್ತದೆ, ಕೈ ಓಡಾಡುತ್ತದೆ. ಸುಲಿಯುವಾಕೆ ಕಾಯನ್ನು ಅಲಗಿಗೆ ಒತ್ತಿ, ಹೆಬ್ಬೆರಳಿನಿಂದ ತಿರುವಿ, ಸಿಪ್ಪೆಯನ್ನು ಬಿಡಿಸುತ್ತಾಳೆ. ಹೆಬ್ಬೆರಳಿಗೆ ಸುತ್ತಿದ ಬಟ್ಟೆಯ ಚೂರೊಂದೇ ರಕ್ಷಣೆ. ಕಾಯಿಯ ಒಗರು ಕಬ್ಬಿಣದೊಡನೆ ಸೇರಿ ಕಪ್ಪಾಗಿ, ಅಲಗೂ ಬೆರಳೂ ಒಂದೇ ಬಣ್ಣಕ್ಕೆ ತಿರುಗುತ್ತವೆ. ತುಕ್ಕು ಹಿಡಿಯದ ಉಕ್ಕಾದರೆ ಕಪ್ಪು ಕಡಿಮೆ, ಆದರೆ ಮಸೆಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ಹೆಚ್ಚು ಅಗತ್ಯವಾದದ್ದು ಎತ್ತರ. ಕತ್ತಿಯನ್ನು ಮಣೆಗೆ ಬಡಿದು ಕೂರಿಸುವ ಬದಲು ಬೋಲ್ಟು ಹಾಕಿದರೆ, ಕೂತವರ ಮೊಣಕೈ ಮಟ್ಟಕ್ಕೆ ಏರಿಸಿ ಇಳಿಸಬಹುದು. ದಿನವಿಡೀ ಬಗ್ಗಿ ಕೂರುವ ಬೆನ್ನಿಗೆ ಅದರಿಂದ ಬಿಡುವು. ಅಗಲವಾದ ಮಣೆ ಅಲುಗಾಡುವುದಿಲ್ಲ.

ಕೊನೆಯದು ಒರೆ. ಬಸ್ಸಿನಲ್ಲಿ, ಟ್ರ್ಯಾಕ್ಟರಿನಲ್ಲಿ ಗೋಣಿ ಸುತ್ತಿ ಒಯ್ಯುವ ಅಲಗಿಗೆ ಹಳೆಯ ಟೈರಿನ ತುಂಡನ್ನು ಸೀಳಿ ತೊಡಿಸಿದರೂ ಸಾಕು. ಅದನ್ನು ಕುಲುಮೆಯವನೇ ಕತ್ತಿಯೊಡನೆ ಕೊಡಬೇಕು.