ಕಿಂದರಿಜೋಗಿಗೆ ವಯಸ್ಸಿನ ಚೀಟಿ

ಏಪ್ರಿಲ್ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳದೆಲ್ಲ ಒಂದೇ ರಾಗ. ಮಗನಿಗೆ ಒಂಬತ್ತು ತುಂಬಿತು, ರಜೆಗೆ ಯಾವ ಪುಸ್ತಕ ಕೊಡಿಸೋಣ? ಮಗಳು ಏಳನೇ ಕ್ಲಾಸು, ಮೊಬೈಲು ಬಿಡಿಸುವಂಥದ್ದು ಏನಾದರೂ ಇದೆಯೇ? ಹಾಗೇ ಮನೆಯಲ್ಲಿ ಮಾವನವರಿದ್ದಾರೆ, ರಿಟೈರಾದ ಮೇಲೆ ಪೇಪರನ್ನು ಜಾಹೀರಾತು ಸಮೇತ ಓದಿ ಮುಗಿಸುತ್ತಾರೆ, ಅವರಿಗೂ ಒಂದೆರಡು ಹೇಳಿಬಿಡಿ. ಸಂಪಾದಕರದ್ದೂ ಅದೇ ಬೇಡಿಕೆ: ವಯಸ್ಸಿಗೆ ತಕ್ಕಂತೆ ಪಟ್ಟಿ ಕೊಡಿ, ಮೂರು ಬಾಕ್ಸ್ ಮಾಡಿ ಹಾಕುತ್ತೇವೆ, ಗುರುವಾರ ಸಂಜೆಯೊಳಗೆ ಬೇಕು. ಆಗಲಿ ಎಂದಿದ್ದೇನೆ. ನನ್ನ ಪಟ್ಟಿಗಳು ಮೂರನೇ ಪುಸ್ತಕ ದಾಟಿದ್ದು ಕಡಿಮೆ ಎಂಬುದು ಖಾಯಂ ಓದುಗರಿಗೆ ಗೊತ್ತಿರುವುದೇ.

ಮೊದಲು ತೇಜಸ್ವಿ. ಅದರಲ್ಲಿ ತಕರಾರಿಲ್ಲ. ತಕರಾರು ಇರುವುದು ಅವರನ್ನು ಯಾವ ಬಾಕ್ಸಿಗೆ ಹಾಕಬೇಕು ಎಂಬುದರಲ್ಲಿ. ಮೊನ್ನೆ ಬೆಂಗಳೂರಿನ ದೊಡ್ಡದೊಂದು ಪುಸ್ತಕದಂಗಡಿಯಲ್ಲಿ ಅವರನ್ನು ಹುಡುಕಿಕೊಂಡು ಪ್ರದಕ್ಷಿಣೆ ಹಾಕಿದೆ. ‘ಕರ್ವಾಲೊ’ ಕಾದಂಬರಿಗಳ ಜೊತೆ, ‘ಪರಿಸರದ ಕತೆ’ ಪರಿಸರದ ಕಪಾಟಿನಲ್ಲಿ, ಕೆನೆತ್ ಆಂಡರ್ಸನ್ ಅನುಭವಗಳ ‘ಕಾಡಿನ ಕತೆಗಳು’ ಅನುವಾದದ ಮೂಲೆಯಲ್ಲಿ, ‘ಏರೋಪ್ಲೇನ್ ಚಿಟ್ಟೆ’ ಮಾತ್ರ ಬಣ್ಣದ ಪುಟಾಣಿ ಕುರ್ಚಿಗಳಿದ್ದ ಮಕ್ಕಳ ವಿಭಾಗದಲ್ಲಿ. ಬರೆದ ಮನುಷ್ಯ ಒಬ್ಬನೇ, ಅವನನ್ನು ಹಿಸ್ಸೆ ಮಾಡಿ ನಾಲ್ಕು ದಿಕ್ಕಿಗೆ ಹಂಚಿದ್ದರು. ಮಕ್ಕಳ ವಿಭಾಗದ ಪುಸ್ತಕಗಳ ಬೆನ್ನಿಗೆಲ್ಲ ಒಂದೊಂದು ದುಂಡನೆಯ ಹಳದಿ ಚೀಟಿ: ಐದರಿಂದ ಎಂಟು, ಎಂಟರಿಂದ ಹನ್ನೆರಡು. ಒಂದು ಪುಸ್ತಕದ ಮೇಲಂತೂ ಆ ಚೀಟಿ ಲೇಖಕರ ಹೆಸರಿನ ಮೇಲೆಯೇ ಕೂತಿತ್ತು. ಉಗುರಿನಿಂದ ಕೆರೆದು ನೋಡಿದೆ, ಹೆಸರೂ ಜೊತೆಗೇ ಎದ್ದು ಬಂತು.

‘ಕರ್ವಾಲೊ’ 1980ರ ಪುಸ್ತಕ. ಹತ್ತು ವರ್ಷದ ಹುಡುಗನ ಕೈಗೆ ಕೊಟ್ಟರೆ ಅವನು ಕಿವಿ ಎಂಬ ನಾಯಿಯ ಹಿಂದೆ, ಮಂದಣ್ಣನ ಜೇನುಹುಳುಗಳ ಹಿಂದೆ, ಕೊನೆಗೆ ಹಾರುವ ಓತಿಯ ಹಿಂದೆ ಓಡುತ್ತಾನೆ. ಮಂದಣ್ಣನ ಮದುವೆಯ ಪಡಿಪಾಟಲು, ಕಳ್ಳಭಟ್ಟಿ ಕೇಸು, ಊರಿನ ಲೆಕ್ಕದಲ್ಲಿ ಶುದ್ಧ ಬೇಕೂಫನಾದವನು ವಿಜ್ಞಾನಿಯ ಕಣ್ಣಿಗೆ ಅಮೂಲ್ಯ ಮನುಷ್ಯನಾಗುವ ಚೋದ್ಯ, ಇವೆಲ್ಲ ಅವನಿಗೆ ಪಕ್ಕದಲ್ಲಿ ಹಾದುಹೋಗುವ ಬಸ್ಸಿನ ಹಾಗೆ. ನಲವತ್ತರಲ್ಲಿ ಮತ್ತೆ ತೆಗೆದರೆ ಆ ಬಸ್ಸುಗಳಿಗೇ ಹತ್ತುತ್ತಾನೆ. ಅಂದ ಮೇಲೆ ಯಾವ ಚೀಟಿ ಅಂಟಿಸುತ್ತೀರಿ? ಹತ್ತೋ, ನಲವತ್ತೋ?

ಚೀಟಿ ಪಂಗಡದವರ ವಾದ ನನಗೆ ಗೊತ್ತಿಲ್ಲದ್ದೇನಲ್ಲ. ವಾಕ್ಯಕ್ಕೆ ಇಷ್ಟೇ ಪದ, ಪುಟಕ್ಕೆ ಇಷ್ಟೇ ವಾಕ್ಯ, ಒತ್ತಕ್ಷರ ಎರಡನೇ ಹಂತದಲ್ಲಿ. ಅಕ್ಷರ ಕೂಡಿಸಿ ಓದಲು ಕಲಿಯುವ ಮಗುವಿಗೆ ಅದರಿಂದ ಉಪಕಾರವಿದೆ. ಎರಡು ವರ್ಷದ ಕೂಸಿಗೆ ಹರಿಯದ ರಟ್ಟಿನ ಪುಸ್ತಕವೇ ಬೇಕು, ಅದನ್ನೂ ಒಪ್ಪುತ್ತೇನೆ. ಆದರೆ ಮಗು ತಾನೇ ಓದುವ ಪುಸ್ತಕ ಒಂದು, ಮಗುವಿಗೆ ಓದಿ ಹೇಳುವ ಪುಸ್ತಕ ಇನ್ನೊಂದು. ಎರಡನೆಯದಕ್ಕೆ ಪದಗಳ ಲೆಕ್ಕ ಯಾಕೆ? ಇಲ್ಲಿ ನಾನು ಹಾಡಿದ್ದೇ ಹಾಡುವ ಕಿಸಬಾಯಿದಾಸ, ಕ್ಷಮೆಯಿರಲಿ: ಗಟ್ಟಿಯಾಗಿ ಓದಬೇಕು, ಮನೆಮಂದಿಯೆಲ್ಲ ಕೇಳಬೇಕು, ಓದುವವರಿಗೂ ಬೇಜಾರು ಬರಬಾರದು. ಈ ಮೂರು ದಾಟಿದ ಪುಸ್ತಕಕ್ಕೆ ಚೀಟಿ ಬೇಕಿಲ್ಲ. ನಮ್ಮ ಹಳ್ಳಿಗಳ ಜಗಲಿಯಲ್ಲಿ ಕುಮಾರವ್ಯಾಸನನ್ನೋ ಜೈಮಿನಿ ಭಾರತವನ್ನೋ ಓದುತ್ತಿದ್ದಾಗ ಒಬ್ಬರು ರಾಗವಾಗಿ ವಾಚಿಸುವುದು, ಇನ್ನೊಬ್ಬರು ಅರ್ಥ ಬಿಡಿಸುವುದು. ಎಳೆಯರಿಗೆ ನಾದ ಸಾಕಾಗುತ್ತಿತ್ತು, ಹಿರಿಯರು ಅರ್ಥಕ್ಕೆ ಕಾಯುತ್ತಿದ್ದರು, ನಡುವಯಸ್ಸಿನವರು ಎರಡರ ನಡುವೆ ತೂಕಡಿಸುತ್ತಿದ್ದರು. ಕರ್ಣಾವಸಾನಕ್ಕೆ ಎಲ್ಲರೂ ಅಳುತ್ತಿದ್ದರು. ಎಂಟರೊಳಗಿನವರು ಎದ್ದು ಹೋಗಿ ಎಂದು ಯಾವ ಗಮಕಿಯೂ ಹೇಳಿದ್ದು ಕಾಣೆ.

ಎರಡನೆಯ ಪುಸ್ತಕ, ಕಾರಂತರ ‘ಬಾಲಪ್ರಪಂಚ’. ಮೂರು ಸಂಪುಟ, 1930ರ ದಶಕದ್ದು, ಒಬ್ಬನೇ ಬರೆದ ವಿಶ್ವಕೋಶ. ‘ಚೋಮನ ದುಡಿ’ ಬಂದದ್ದೂ ಆ ದಶಕದಲ್ಲೇ ಎಂಬುದನ್ನು ನೆನಪಿಡಿ. ಅದೇ ಮೇಜು, ಅದೇ ಕೈ. ಮುಂದೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಒಬ್ಬರೇ ಹೊತ್ತರು. ಇವತ್ತಿಗೆ ‘ಬಾಲಪ್ರಪಂಚ’ದ ಮಾಹಿತಿ ಬಹಳಷ್ಟು ಹಳತಾಗಿದೆ, ಪರೀಕ್ಷೆಗೆ ಓದುವವರು ಅತ್ತ ಹೋಗುವುದು ಬೇಡ. ಆದರೆ ಗೊತ್ತಿಲ್ಲದ ವಿಷಯವನ್ನು ದಬಾಯಿಸದೆ, ಮುದ್ದುಗರೆಯದೆ ಹೇಳುವುದು ಹೇಗೆ ಎಂದು ಕಲಿಯಬೇಕಾದ ದೊಡ್ಡವರಿಗೆ, ಅದರಲ್ಲೂ ಮೇಷ್ಟ್ರುಗಳಿಗೆ, ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಮನೆಯಲ್ಲಿ ನಿರಂಜನರ ಪ್ರಧಾನ ಸಂಪಾದಕತ್ವದ ‘ಜ್ಞಾನಗಂಗೋತ್ರಿ’ಯ ಏಳು ಸಂಪುಟ ಇರುವವರು ಅದನ್ನು ಅಟ್ಟದಿಂದ ಕೆಳಗಿಳಿಸಿ. ಇಷ್ಟು ಹೇಳಿ ಮುಂದೆ ಹೋಗುತ್ತೇನೆ, ಏಕೆಂದರೆ ಮೂರನೆಯದು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’, ಅಲ್ಲಿಗೆ ಬಂದರೆ ನನ್ನ ಪಟ್ಟಿ ನಿಲ್ಲುತ್ತದೆ.

ಕತೆ ಎಲ್ಲರಿಗೂ ಗೊತ್ತು. ಆದರೆ ಅದರ ಬೆನ್ನ ಹಿಂದೆ ಒಂದು ಉದ್ದನೆಯ ಸಾಲಿದೆ. ಜರ್ಮನಿಯ ವೇಸರ್ ನದಿಯ ದಡದಲ್ಲಿ ಹ್ಯಾಮೆಲಿನ್ ಎಂಬ ಊರು. 1284ರ ಜೂನ್ 26ರಂದು ಬಣ್ಣಬಣ್ಣದ ಅಂಗಿಯ ಕೊಳಲುಗಾರನೊಬ್ಬ ಊರಿನ 130 ಮಕ್ಕಳನ್ನು ಕರೆದುಕೊಂಡು ಹೋದ, ಅವರು ಹಿಂದಿರುಗಲಿಲ್ಲ ಎಂಬುದು ಆ ಊರಿನ ನೆನಪು. ಹದಿನೈದನೇ ಶತಮಾನದ ಹಸ್ತಪ್ರತಿಯೊಂದರಲ್ಲಿ ಇಷ್ಟೇ ಇದೆ. ಒಂದು ಇಲಿಯೂ ಇಲ್ಲ! ಇಲಿಗಳು ಬಂದು ಸೇರಿಕೊಂಡದ್ದು ಹದಿನಾರನೇ ಶತಮಾನದಲ್ಲಿ. ಮಕ್ಕಳು ನಿಜಕ್ಕೂ ಎಲ್ಲಿಗೆ ಹೋದರು ಎಂದು ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ. ಪೂರ್ವದ ಕಡೆಗೆ ಹೊಸ ನೆಲ ಹುಡುಕಿ ವಲಸೆ ಹೋದವರು ಎಂದು ಒಬ್ಬರು, ರೋಗ ಎಂದು ಇನ್ನೊಬ್ಬರು. ಬಗೆಹರಿಯದ ದುಃಖವೊಂದು ಇತ್ತು, ಅದಕ್ಕೆ ಕಾರಣ ಬೇಕಾಯಿತು, ಜನ ಇಲಿಗಳನ್ನೂ ಕೊಟ್ಟ ಮಾತಿಗೆ ತಪ್ಪಿದ ಊರ ಹಿರಿಯರನ್ನೂ ತಂದಿಟ್ಟರು ಎಂದು ನನಗನ್ನಿಸುತ್ತದೆ.

ಇಂಗ್ಲಿಷಿನಲ್ಲಿ ರಾಬರ್ಟ್ ಬ್ರೌನಿಂಗ್ ಇದನ್ನು ಪದ್ಯ ಮಾಡಿದ್ದು ನಟ ಮ್ಯಾಕ್ರೆಡಿಯ ಮಗ ವಿಲ್ಲಿಗಾಗಿ. ಹುಡುಗ ಕಾಯಿಲೆ ಬಿದ್ದಿದ್ದ, ಹಾಸಿಗೆಯಲ್ಲಿ ಕೂತು ಚಿತ್ರ ಬರೆಯಲು ಅವನಿಗೊಂದು ಕತೆ ಬೇಕಿತ್ತು. 1842ರಲ್ಲಿ ಅಚ್ಚಾದದ್ದು ಪುಸ್ತಿಕೆಯಲ್ಲಿ ಜಾಗ ಮಿಕ್ಕಿತ್ತು ಎಂಬ ಕಾರಣಕ್ಕೆ. ಜಾಗ ತುಂಬಿಸಲು ಬರೆಯುವ ನಮ್ಮಂಥವರಿಗೆ ಇದಕ್ಕಿಂತ ಸಮಾಧಾನದ ಸಂಗತಿ ಬೇರೆ ಇಲ್ಲ. ಬ್ರೌನಿಂಗ್ ತಾರೀಖನ್ನೂ ಕೊಡುತ್ತಾನೆ, 1376ರ ಜುಲೈ 22. ಊರಿನವರ ಲೆಕ್ಕಕ್ಕೂ ಅವನ ಲೆಕ್ಕಕ್ಕೂ ತೊಂಬತ್ತೆರಡು ವರ್ಷದ ಅಂತರ. ಓದುವವರಿಗೆ ಅದರ ಗೊಡವೆಯಿಲ್ಲ.

ಕುವೆಂಪು ಇದನ್ನು ಕನ್ನಡಕ್ಕೆ ತಂದದ್ದು ಇಪ್ಪತ್ತರ ಹರೆಯದಲ್ಲಿ. ತಂದರು ಅನ್ನುವುದಕ್ಕಿಂತ ತುಂಗೆಯ ದಡದಲ್ಲಿ ಅದು ಮೊದಲಿಂದ ಇದ್ದಂತೆ ಬರೆದರು ಅನ್ನಬೇಕು. ವೇಸರ್ ಹೋಗಿ ಅವರ ತೀರ್ಥಹಳ್ಳಿಯ ಹೊಳೆಯೇ ಬಂತು. ನಗರಸಭೆಯೂ ಮೇಯರೂ ಹೋಗಿ ಗೌಡ ಬಂದ. ಕೊಳಲಿನವನ ಜಾಗಕ್ಕೆ ಜೋಗಿ, ಅವನ ಕೈಗೆ ಕಿಂದರಿ. ಈ ಕೊನೆಯದನ್ನು ಗಮನಿಸಿ. ಮನೆಬಾಗಿಲಿಗೆ ಬಂದು ತಂತಿ ಮೀಟಿ ಹಾಡಿ ಅಕ್ಕಿ ರಾಗಿ ಪಡೆದು ಹೋಗುವ ಜೋಗಿ ಮಲೆನಾಡಿನ ಮಗುವಿಗೆ ಪರಿಚಿತ. ಅವನ ಜೋಳಿಗೆಯ ಬಗ್ಗೆ ಒಂದು ಭಯ, ಹಾಡಿನ ಬಗ್ಗೆ ಒಂದು ಸೆಳೆತ ಇದ್ದೇ ಇರುತ್ತದೆ. ಹಟ ಮಾಡಿದರೆ ಜೋಗಿಗೆ ಕೊಟ್ಟುಬಿಡುತ್ತೇನೆ ಎಂದು ಅಮ್ಮಂದಿರು ಹೆದರಿಸುತ್ತಿದ್ದುದೂ ಉಂಟು. ಆ ಬೆದರಿಕೆ ನಿಜವಾದರೆ ಹೇಗಿರುತ್ತದೆ ಎಂಬುದೇ ಈ ಪದ್ಯ. ಅಲ್ಲಿ ಹ್ಯಾಮೆಲಿನ್ ಕತೆ ಪೂರ್ತಿ ನಮ್ಮದಾಗುತ್ತದೆ.

ಇನ್ನು ಇಲಿಗಳು. ಬ್ರೌನಿಂಗ್ ಕೆಲವೇ ಸಾಲಿನಲ್ಲಿ ಓಡಿಸಿ ಮುಗಿಸಿದ ದಂಡನ್ನು ಕುವೆಂಪು ಉದ್ದಕ್ಕೂ ಎಳೆಯುತ್ತಾರೆ. ಗಾತ್ರ, ಬಣ್ಣ, ನಡಿಗೆ, ಬಂದ ಜಾಗ, ಒಂದಾದ ಮೇಲೆ ಒಂದು, ಮುಗಿಯಿತು ಅನ್ನುವಷ್ಟರಲ್ಲಿ ಮತ್ತೊಂದು ತಂಡ. ಇದನ್ನು ಓದಿ ಹೇಳುವವರಿಗೆ ನನ್ನದೊಂದು ಸಲಹೆ. ಇಲಿಗಳ ಭಾಗ ಬಂದಾಗ ಸಾಲಿನ ಕೊನೆಯಲ್ಲಿ ನಿಲ್ಲಬೇಡಿ. ಮೂರು ನಾಲ್ಕು ಸಾಲಿಗೊಂದೇ ಉಸಿರು. ಮಕ್ಕಳು ಎರಡನೇ ಸಲಕ್ಕೇ ಪ್ರಾಸ ಹಿಡಿದು ಮುಂದಿನ ಇಲಿಯನ್ನು ತಾವೇ ಕರೆಯುತ್ತಾರೆ. ಕರೆದ ಇಲಿ ಪುಸ್ತಕದಲ್ಲಿ ಇಲ್ಲದಿದ್ದರೂ ಬಿಟ್ಟುಬಿಡಿ, ಬರಲಿ. ಹೊಳೆ ಬಂದಾಗ ವೇಗ ತಗ್ಗಿಸಿ. ಗೌಡ ಜೋಗಿಯ ಕೂಲಿಗೆ ಚೌಕಾಸಿ ಮಾಡುವಾಗ ದನಿಯನ್ನು ತುಸು ಜಾರಿಸಬೇಕು, ನಾಳೆ ಬಾ ಎನ್ನುವ ಗುಮಾಸ್ತನ ದನಿ. ಅದನ್ನು ಹೇಗೆ ಮಾಡುವುದೆಂದು ಯಾವ ಭಾರತೀಯ ಪ್ರಜೆಗೂ ಹೇಳಿಕೊಡಬೇಕಿಲ್ಲ.

ಆಮೇಲೆ ಮಕ್ಕಳು ಹೋಗುತ್ತಾರೆ. ಬೆಟ್ಟ ಬಾಯಿ ತೆರೆಯುತ್ತದೆ, ಮುಚ್ಚುತ್ತದೆ. ಕೇಳುತ್ತಿರುವ ಮಕ್ಕಳ ಮುಖ ನೋಡಿದ್ದೀರಾ ಆಗ? ಅವರಿಗೆ ಅಳು ಬರುವುದಿಲ್ಲ. ಕಣ್ಣರಳಿಸಿ ಕೂತಿರುತ್ತಾರೆ, ಅವರು ಮನಸ್ಸಿನಲ್ಲಿ ಆಗಲೇ ಬೆಟ್ಟದೊಳಗೆ ಹೋಗಿಯಾಗಿದೆ. ಓದುತ್ತಿರುವ ಅಪ್ಪನ ಗಂಟಲು ಮಾತ್ರ ಕಟ್ಟುತ್ತದೆ, ಅವನು ಹೊರಗೆ ಉಳಿದವನು. ಒಂದೇ ಪುಟ, ಒಂದೇ ಹೊತ್ತು, ಇಬ್ಬರಿಗೆ ಎರಡು ಪದ್ಯ. ಹಳದಿ ಚೀಟಿಯವರು ಇದಕ್ಕೆ ‘ಐದರಿಂದ ಎಂಟು’ ಎಂದು ಬರೆದಿರುತ್ತಾರೆ.

ಇದನ್ನೇ ಇವತ್ತು ಹೊಸಬರೊಬ್ಬರು ಬರೆದು ಪ್ರಕಾಶಕರ ಬಳಿಗೆ ಒಯ್ದರೆ ಮಕ್ಕಳನ್ನು ವಾಪಸು ಕರೆಸಿ ಎನ್ನುತ್ತಾರೆ. ಗೌಡ ಪಶ್ಚಾತ್ತಾಪಪಟ್ಟು ಹಣ ಕೊಡಬೇಕು, ಜೋಗಿ ಕ್ಷಮಿಸಬೇಕು, ಕೊನೆಯ ಪುಟದಲ್ಲಿ ಬೆಳ್ಳಿಚುಕ್ಕೆಯ ಚೌಕಟ್ಟಿನೊಳಗೆ ‘ನೀತಿ: ಕೊಟ್ಟ ಮಾತಿಗೆ ತಪ್ಪಬಾರದು’. ಈ ನೀತಿಚೌಕಟ್ಟಿನ ಪಂಗಡದ ಜೊತೆ ನನ್ನ ಜಗಳ ಹಳೆಯದು. ತಪ್ಪಿದವರು ದೊಡ್ಡವರು, ಕಳೆದುಹೋದವರು ಮಕ್ಕಳು; ನೀತಿಯನ್ನು ಮಕ್ಕಳಿಗೆ ಬೋಧಿಸಿ ಏನು ಬಂತು? ಹಾಗಾದರೆ ರಾಜರತ್ನಂ ಅವರ ‘ತುತ್ತೂರಿ’ಯಲ್ಲಿ ನೀತಿ ಇಲ್ಲವೇ ಸ್ವಾಮಿ ಎಂದು ಓದುಗರೊಬ್ಬರು ಹೋದ ವರ್ಷ ನನ್ನನ್ನು ಹಿಡಿದುಕೊಂಡಿದ್ದರು. ಇದೆ. ಜಂಬ ಪಟ್ಟವನ ಬಣ್ಣದ ತುತ್ತೂರಿ ನೀರಿಗೆ ಬೀಳುತ್ತದೆ. ಆದರೆ ಅದನ್ನು ಹಾಡುವ ಯಾವ ಮಗುವೂ ಜಂಬ ಬಿಟ್ಟದ್ದನ್ನು ನಾನು ನೋಡಿಲ್ಲ. ತುತ್ತೂರಿ ನೀರಿಗೆ ಬೀಳುವ ಸುಖಕ್ಕಾಗಿ ಅವು ಹಾಡುತ್ತವೆ, ಕೊನೆಯ ಸಾಲನ್ನು ಪಕ್ಕದ ಮನೆಯವನ ಕಡೆ ಬೆರಳು ತೋರಿಸಿ ಹೇಳುತ್ತವೆ.

ರಾಜರತ್ನಂ ಮಾತು ಬಂತಲ್ಲ, ಅವರನ್ನು ಯಾವ ಕಪಾಟಿನಲ್ಲಿಡುತ್ತೀರಿ ಹೇಳಿ. ನಾಯಿಮರಿಗೆ ತಿಂಡಿ ಬೇಕೇ ಎಂದು ಕೇಳಿದವರೂ ಅವರೇ, ಹೆಂಡದಂಗಡಿಯ ರತ್ನನನ್ನೂ ಅವನ ಪುಟ್ನಂಜಿಯನ್ನೂ ಕನ್ನಡಕ್ಕೆ ಕೊಟ್ಟವರೂ ಅವರೇ, ಬೌದ್ಧ ಗ್ರಂಥಗಳನ್ನು ಕನ್ನಡಿಸಿದವರೂ ಅವರೇ. ಸ್ವತಃ ಹೆಂಡ ಮುಟ್ಟದ ಕನ್ನಡ ಮೇಷ್ಟ್ರು. ರತ್ನನ ನಾಲಿಗೆ ತೊದಲುತ್ತದೆ, ಅಕ್ಷರ ನುಂಗುತ್ತದೆ, ಹಕಾರ ಬಿಡುತ್ತದೆ. ಮೂರು ವರ್ಷದ ಮಗುವಿನದೂ ಅಷ್ಟೇ. ಪಂಡಿತರ ಸಭೆಯಲ್ಲಿ ಇಬ್ಬರಿಗೂ ಕುರ್ಚಿ ಇರಲಿಲ್ಲ. ಇಬ್ಬರ ಮಾತಿಗೂ ಛಂದಸ್ಸು ಕೊಟ್ಟದ್ದು ಒಂದೇ ಕಿವಿ. ‘ರತ್ನನ ಪದಗಳು’ ಓದದೆ ಅವರ ಶಿಶುಗೀತೆ ಅರ್ಥವಾಗುತ್ತದೆ ಎಂದು ನಾನು ನಂಬುವುದಿಲ್ಲ. ಬರೆದ ಪುಸ್ತಕವನ್ನು ತಾವೇ ಹೊತ್ತುಕೊಂಡು ಹೋಗಿ ಮಾರುತ್ತಿದ್ದವರು ಅವರು. ಆ ಚೀಲದಲ್ಲಿ ದೊಡ್ಡವರ ವಿಭಾಗ, ಚಿಕ್ಕವರ ವಿಭಾಗ ಎಂದು ಎರಡು ಖಾನೆ ಇದ್ದಿರಲಾರದು.

ಮಕ್ಕಳ ಚಿತ್ರಪುಸ್ತಕಗಳ ಮಟ್ಟಿಗೆ ಬೆಂಗಳೂರಿಗೊಂದು ಸಣ್ಣ ಹೆಮ್ಮೆಯೂ ಇದೆ. ಅಮರ ಚಿತ್ರಕಥೆಯ ಇಂಗ್ಲಿಷ್ ಪುಸ್ತಕಗಳು ಹನ್ನೊಂದನೇ ಸಂಖ್ಯೆಯ ‘ಕೃಷ್ಣ’ನಿಂದ ಶುರುವಾಗುತ್ತವೆ. ಮೊದಲ ಹತ್ತು ಎಲ್ಲಿ ಎಂದು ಸಂಗ್ರಹಕಾರರು ತಲೆ ಕೆರೆದುಕೊಳ್ಳುವುದುಂಟು. ಅವು ಕನ್ನಡದವು. 1965ರಲ್ಲಿ ಇಲ್ಲಿನ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ ಬಂದ, ಪಾಶ್ಚಾತ್ಯ ಕಿನ್ನರಕತೆಗಳ ಹತ್ತು ಪುಸ್ತಕ. ನಿಮ್ಮ ಅಜ್ಜನ ಮನೆಯ ಟ್ರಂಕಿನಲ್ಲಿ ಸಿಕ್ಕರೆ ತೂಕಕ್ಕೆ ಹಾಕಬೇಡಿ.

ಚಿತ್ರದ ವಿಷಯದಲ್ಲಿ ಮಾತ್ರ ಕನ್ನಡ ಪ್ರಕಾಶಕರ ಮೇಲಿನ ನನ್ನ ಸಿಟ್ಟು ಇಳಿದಿಲ್ಲ. ಚಂದಮಾಮದಲ್ಲಿ ಎಂ.ಟಿ.ವಿ. ಆಚಾರ್ಯರ ಮುಖಪುಟ, ಶಂಕರ್ ಅವರ ವಿಕ್ರಮ-ಬೇತಾಳ ನೋಡಿ ಬೆಳೆದ ನಾಡಿನಲ್ಲಿ ಈಗ ಕಂಪ್ಯೂಟರಿನಿಂದ ಎತ್ತಿದ ಗುಂಡುಮುಖದ ಮಕ್ಕಳು, ಪುಟಪುಟಕ್ಕೂ ಒಂದೇ ನಗು. ಕತೆಯಲ್ಲಿ ಅಜ್ಜಿ ಸತ್ತರೂ ಅದೇ ನಗು. ಚಿತ್ರ ಬರೆದವರ ಹೆಸರನ್ನು ಕೃತಿಸ್ವಾಮ್ಯದ ಪುಟದಲ್ಲಿ ಭೂತಗನ್ನಡಿ ಹಿಡಿದು ಹುಡುಕಬೇಕು, ಅದೂ ಇದ್ದರೆ.

ಆದ್ದರಿಂದ ನಾಲ್ಕನೆಯದಾಗಿ ಚಿತ್ರವನ್ನೂ ಬರಹವನ್ನೂ ಒಬ್ಬರೇ ಮಾಡಿದ ಪುಸ್ತಕವೊಂದನ್ನು ಹೇಳುತ್ತೇನೆ: ಬಿ.ಜಿ.ಎಲ್. ಸ್ವಾಮಿ ಅವರ ‘ಹಸುರು ಹೊನ್ನು’. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಅಲ್ಲಿಗೆ ದೊಡ್ಡವರ ಪುಸ್ತಕವೆಂದು ಮೊಹರು ಬಿತ್ತು. ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರು ವಿದ್ಯಾರ್ಥಿಗಳ ದಂಡು ಕಟ್ಟಿಕೊಂಡು ಕಾಡು ಸುತ್ತುವ ಕತೆ ಅದು. ದಾರಿಯುದ್ದಕ್ಕೂ ತಮಾಷೆ, ಊಟದ ಫಜೀತಿ, ಗಿಡಗಳ ಕುಲಗೋತ್ರ, ನಡುನಡುವೆ ಸ್ವಾಮಿಯವರೇ ಬರೆದ ಎಲೆ, ಹೂವು, ಕಾಯಿಯ ರೇಖಾಚಿತ್ರ. ಮಕ್ಕಳಿಗೆ ಓದುವಾಗ ಲ್ಯಾಟಿನ್ ಹೆಸರು ಬಂದಲ್ಲಿ ತಡವರಿಸದೆ ಮಂತ್ರದ ಹಾಗೆ ಗಟ್ಟಿಯಾಗಿ ಹೇಳಿಬಿಡಿ, ಅವಕ್ಕೆ ಅದೇ ಬಹಳ ಇಷ್ಟವಾಗುತ್ತದೆ. ಪೆನ್ಸಿಲು, ಕಾಗದ ಪಕ್ಕದಲ್ಲಿರಲಿ. ಚಿತ್ರ ನೋಡಿ ಬರೆಯಲು ಕೇಳಿದರೆ ಕೊಡಿ. ಮಾವನವರಿಗೆ ಬೇರೆ ಪ್ರತಿ ಕೊಳ್ಳಬೇಕಾದೀತು, ಏಕೆಂದರೆ ಒಮ್ಮೆ ಅವರ ಕೈಗೆ ಹೋದರೆ ವಾಪಸು ಬರುವುದು ತಡ.