ಆ ಐದು ನಿಮಿಷ ಯಾರ ಲೆಕ್ಕಕ್ಕೆ?

ಕೇಂದ್ರ ಆಯುಷ್ ಸಚಿವಾಲಯ 2021ರ ಸೆಪ್ಟೆಂಬರ್ 1ರಂದು ‘ವೈ-ಬ್ರೇಕ್’ ಎಂಬ ಆ್ಯಪ್ ಬಿಡುಗಡೆ ಮಾಡಿತು. ಕೆಲಸದ ನಡುವೆ ಐದು ನಿಮಿಷ ಯೋಗ ಮಾಡಿ ಎಂಬುದು ಅದರ ಸಾರ. ತಾಡಾಸನ, ಭುಜ ತಿರುಗಿಸುವ ಸ್ಕಂಧಚಕ್ರ, ಸೊಂಟ ಹೊರಳಿಸುವ ಕಟಿಚಕ್ರಾಸನ, ನಾಡಿಶೋಧನ, ಭ್ರಾಮರಿ, ಕೊನೆಗೊಂದಿಷ್ಟು ಧ್ಯಾನ. ಚಾಪೆ ಹಾಸಬೇಕಿಲ್ಲ, ಬಟ್ಟೆ ಬದಲಿಸಬೇಕಿಲ್ಲ. ನೌಕರರ ಆರೋಗ್ಯಕ್ಕೆಂದು ಬಂದ ಕಾರ್ಯಕ್ರಮಗಳಲ್ಲಿ ಇಷ್ಟು ಸರಳವಾದದ್ದು ಅಪರೂಪ. ಅದನ್ನು ಮೆಚ್ಚಲೇಬೇಕು.

ಆದರೆ ಇದನ್ನು ರೂಪಿಸಿದವರ ಮನಸ್ಸಿನಲ್ಲಿದ್ದ ನೌಕರ ಯಾರು? ಮಾರಮ್ಮನ ಜಾತ್ರೆಗೆ ಹೆಸರಾದ ಗೌರಸಮುದ್ರದಲ್ಲಿ ಈ ಪ್ರಶ್ನೆ ತಾನಾಗಿ ಏಳುತ್ತದೆ. ಸುತ್ತ ಶೇಂಗಾ ಹೊಲ, ಒಂದು ಕಡೆ ಚಳ್ಳಕೆರೆಯ ಎಣ್ಣೆ ಮಿಲ್ಲುಗಳು, ಇನ್ನೊಂದು ಕಡೆ ಮೊಳಕಾಲ್ಮುರಿನ ರೇಷ್ಮೆ ಮಗ್ಗಗಳು. ಕುರ್ಚಿ-ಮೇಜಿನ ಮುಂದೆ ದುಡಿಯುವವರು ಇಲ್ಲಿ ಕೆಲವರಷ್ಟೇ.

ಗುಂಡಿಮಗ್ಗದ ಕೆಲಸವನ್ನೇ ನೋಡಿ. ಗುಂಡಿಯೊಳಗೆ ಕಾಲು ಇಳಿಬಿಟ್ಟು ತುಳಿಯುತ್ತ, ಬೆನ್ನು ಬಾಗಿಸಿ, ಎಳೆಯ ಮೇಲೆ ಕಣ್ಣು ನೆಟ್ಟು ಲಾಳಿ ಆಡಿಸಬೇಕು. ಒಂದು ಎಳೆ ಕಡಿದರೆ ಅಲ್ಲೇ ಬಗ್ಗಿ ಗಂಟು ಹಾಕಬೇಕು. ದಿನವಿಡೀ ಹೀಗೆ ಕೂತವರಿಗೆ ನೋಯುವುದು ಕತ್ತು, ಭುಜ, ಸೊಂಟ. ವೈ-ಬ್ರೇಕ್ ಸಡಿಲಿಸಹೊರಟದ್ದೂ ಅವನ್ನೇ. ಆಸನಗಳ ಆಯ್ಕೆ ನೇಕಾರರಿಗೆ ಹೇಳಿಮಾಡಿಸಿದಂತಿದೆ. ಆದರೆ ಸೀರೆಯ ಲೆಕ್ಕದಲ್ಲಿ ಕೂಲಿ ಪಡೆಯುವವರು ಕೈ ನಿಲ್ಲಿಸಿದರೆ ಕೂಲಿಯೂ ನಿಂತಂತೆಯೇ. ಕಚೇರಿಯಲ್ಲಿ ಸಂಬಳದೊಳಗೇ ಸೇರಿರುವ ಐದು ನಿಮಿಷವನ್ನು ಮಗ್ಗದಲ್ಲಿ ನೇಕಾರರು ಸ್ವಂತ ಜೇಬಿನಿಂದ ತೆರಬೇಕು. ಕಾರ್ಯಕ್ರಮದ ದೊಡ್ಡ ಕೊರತೆ ಇದು.

‘ಚೆನ್ನಾಗಿ ನೀರು ಕುಡಿಯಿರಿ’ ಎಂಬ ಇನ್ನೊಂದು ಬುದ್ಧಿಮಾತಿನ ಪಾಡೂ ಇದೇ. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದು ವರ್ಷಗಟ್ಟಲೆ ಮೈಗೆ ಸೇರಿದರೆ ಹಲ್ಲು ಕಂದುಗಟ್ಟುತ್ತದೆ, ಕೀಲುಗಳು ಬಿಗಿಯುತ್ತವೆ. ಇಲ್ಲಿ ನೀರು ಕುಡಿಯಿರಿ ಎನ್ನುವವರು ಯಾವ ನೀರು ಎಂಬುದನ್ನೂ ಹೇಳಬೇಕು. ಶೌಚಾಲಯವಿಲ್ಲದ ಕಡೆ ದುಡಿಯುವ ಹೆಂಗಸರು ಬಾಯಾರಿದರೂ ನೀರು ಕುಡಿಯದೆ ತಡೆದುಕೊಳ್ಳುತ್ತಾರೆ. ಅವರಿಗೆ ನೀರಿನ ಮಹತ್ವ ಗೊತ್ತಿಲ್ಲವೆಂದಲ್ಲ, ಹೋಗಲು ಜಾಗವಿಲ್ಲ.

ನಮ್ಮ ಹಳೆಯ ಕಾನೂನುಗಳು ಈ ವಿಷಯದಲ್ಲಿ ಹೆಚ್ಚು ನೇರವಾಗಿದ್ದವು. ಒಬ್ಬ ಕಾರ್ಮಿಕನಿಂದ ಐದು ಗಂಟೆಗಿಂತ ಹೆಚ್ಚು ಸತತವಾಗಿ ದುಡಿಸಬಾರದು, ನಡುವೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕು ಎಂದು 1948ರ ಕಾರ್ಖಾನೆ ಕಾಯ್ದೆ ವಿಧಿಸಿತ್ತು. 2005ರ ಉದ್ಯೋಗ ಖಾತ್ರಿ ಕಾಯ್ದೆ ಕೆಲಸದ ಜಾಗದಲ್ಲಿ ಶುದ್ಧ ನೀರು, ನೆರಳು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕೆಂದಿತು. ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯಹೊರಟ ರಾಜ್ಯ ಸರ್ಕಾರದ ಯೋಜನೆಯೂ ಇದೇ ದಾರಿಯದು. ಜಾರಿಯಲ್ಲಿ ಎಷ್ಟೇ ಲೋಪವಿದ್ದರೂ ಇವೆಲ್ಲ ಹೊಣೆಯನ್ನು ದುಡಿಸಿಕೊಳ್ಳುವವರ ಮೇಲೆ ಹೊರಿಸಿದವು. ವೈ-ಬ್ರೇಕ್ ಅದೇ ಹೊಣೆಯನ್ನು ದುಡಿಯುವವರ ಮೇಲೆ ಬಿಡುತ್ತದೆ.

ಹಾಗೆಂದು ಐದು ನಿಮಿಷದ ಯೋಗ ಬೇಡವೆನ್ನಲಾರೆ. ಮಗ್ಗದ ಮನೆಗೆ, ಮಿಲ್ಲಿಗೆ, ಕೆರೆ ಹೂಳೆತ್ತುವ ಜಾಗಕ್ಕೆ ಅದು ಬರಲಿ. ಆದರೆ ಆ ಬಿಡುವನ್ನು ಕೂಲಿಯ ಲೆಕ್ಕಕ್ಕೆ ಹಿಡಿಯಬೇಕು. ಅದಕ್ಕೂ ಮೊದಲು ಕುಡಿಯುವ ನೀರು, ನೆರಳು, ಬಾಗಿಲಿರುವ ಶೌಚಾಲಯ ಅಲ್ಲಿಗೆ ಬರಬೇಕು. ಇಷ್ಟು ಒದಗಿಸಿದವರಿಗೆ ಮಾತ್ರ ದುಡಿಯುವವರಿಗೆ ಆರೋಗ್ಯದ ಪಾಠ ಹೇಳುವ ಹಕ್ಕಿದೆ.