ಬಂದೂಕು ಹಿಡಿದ ಪೋಲೀಸರು: ತೆರೆಯ ಮೇಲೆ, ತೆರೆಯ ಆಚೆ

(ಮಲಯಾಳಂ ಚಿತ್ರ ‘ಉಂಡ’ವನ್ನು ನೆಪವಾಗಿಟ್ಟುಕೊಂಡು)

ಕಳೆದ ಯುಗಾದಿ ಊಟದ ದಿನ ನಡೆದ ಸಂಗತಿ. ಹೋಳಿಗೆ ಊಟ ಮುಗಿಸಿ, ಮೈಕು ಸರಿಹೋಗುವುದನ್ನೇ ಕಾಯುತ್ತಾ ಕುಳಿತಿದ್ದೆವು. ಮಿತ್ರರೊಬ್ಬರು ತಮ್ಮ ಫೋನಿನಲ್ಲಿ ಒಂದು ಹಳೆಯ ವಿಡಿಯೋ ತೋರಿಸಿದರು. ನಿಮ್ಮಲ್ಲಿ ಹಲವರು ನೋಡಿರಬಹುದು. 2022ರ ಡಿಸೆಂಬರಿನಲ್ಲಿ ಉತ್ತರ ಪ್ರದೇಶದ ಸಂತ ಕಬೀರ ನಗರ ಜಿಲ್ಲೆಯ ಠಾಣೆಯೊಂದಕ್ಕೆ ಡಿ.ಐ.ಜಿ. ಸಾಹೇಬರು ಪರಿಶೀಲನೆಗೆ ಬಂದಾಗ ತೆಗೆದದ್ದು. ಬಂದೂಕಿಗೆ ಗುಂಡು ತುಂಬಿ ತೋರಿಸಿ ಎಂದರೆ, ಅಲ್ಲಿನ ಸಬ್ ಇನ್ಸ್‌ಪೆಕ್ಟರರು ದೇವಸ್ಥಾನದ ಹುಂಡಿಗೆ ಕಾಸು ಹಾಕಿದಂತೆ ಗುಂಡನ್ನು ನಳಿಗೆಯ ಬಾಯಿಂದ ಒಳಕ್ಕೆ ಬಿಟ್ಟರು!

ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಒಂದು ನಗೆ ಇನ್ನೊಂದನ್ನು ಎಳೆದು ತಂದಿತು. 2018ರ ಅಕ್ಟೋಬರಿನಲ್ಲಿ ಅದೇ ರಾಜ್ಯದ ಸಂಭಲ್ ಜಿಲ್ಲೆಯಲ್ಲಿ ಪಿಸ್ತೂಲು ಕೈಕೊಟ್ಟಾಗ ಪೋಲೀಸರೊಬ್ಬರು ಬಾಯಲ್ಲೇ “ಠಾಯ್ ಠಾಯ್” ಎಂದು ಕೂಗಿ ಕಳ್ಳರನ್ನು ಹೆದರಿಸಲು ನೋಡಿದ ಕಥೆ ಬಂತು. 2019ರ ಆಗಸ್ಟಿನಲ್ಲಿ ಬಿಹಾರದ ಮಾಜಿ ಮುಖ್ಯಮಂತ್ರಿ ಜಗನ್ನಾಥ ಮಿಶ್ರ ಅವರ ಅಂತ್ಯಕ್ರಿಯೆಯಲ್ಲಿ, ಸರಕಾರಿ ಗೌರವದ ಕುಶಾಲು ತೋಪು ಹಾರಿಸಲು ನಿಂತ 22 ಬಂದೂಕುಗಳಲ್ಲಿ ಒಂದೂ ಸಿಡಿಯದೆ ಹೋದ ಕಥೆಯೂ ಬಂತು. “ನಮ್ಮ ದೇಶ ಇಷ್ಟೇ ಬಿಡಿ” ಎಂಬ ಮಾಮೂಲಿ ಮಂಗಳಾರತಿಯೂ ಆಯಿತು.

ನಗದೆ ಇದ್ದವರು ಒಬ್ಬರೇ. ಮಗನ ಮನೆಗೆ ಆರು ತಿಂಗಳ ಮಟ್ಟಿಗೆ ಬಂದಿದ್ದ ಹಿರಿಯರು, ನಮ್ಮ ಕಡೆಯೇ ಹೆಡ್ ಕಾನ್ಸ್‌ಟೇಬಲ್ ಆಗಿ ನಿವೃತ್ತರಾದವರು. ನಗೆ ತಗ್ಗಿದ ಮೇಲೆ ಮೆಲ್ಲಗೆ ಹೇಳಿದರು: “ನಗ್ರಪ್ಪಾ, ತಪ್ಪೇನಿಲ್ಲ. ಆದ್ರೆ ಒಂದು ಮಾತು. ಆ ಮನುಷ್ಯ ಕೊನೇ ಸಲ ಗುಂಡು ಹಾರಿಸಿದ್ದು ಯಾವಾಗ ಅಂತ ಯಾರಾದ್ರೂ ಕೇಳಿದ್ರಾ?”

ಯಾರೂ ಕೇಳಿರಲಿಲ್ಲ. ಆ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದ್ದಾಗಲೇ, ಎರಡು ವಾರದ ನಂತರ ನಮ್ಮ ಮನೆಯಲ್ಲಿ ಆ ಹಿರಿಯರನ್ನೂ ಕೂರಿಸಿಕೊಂಡು ಖಾಲಿದ್ ರಹಮಾನ್ ನಿರ್ದೇಶಿಸಿದ ‘ಉಂಡ’ (2019) ನೋಡಿದೆವು. ಈ ಬರಹ ಆ ಚಿತ್ರದ ವಿಮರ್ಶೆ ಎಂದುಕೊಳ್ಳಿ, ಅಥವಾ ನಮ್ಮ ನಗೆಯ ವಿಮರ್ಶೆ ಎಂದುಕೊಳ್ಳಿ, ಎರಡೂ ಸರಿಯೇ.

ಮೊದಲು, ನಾವು ಬಂದೂಕು ನೋಡುವುದನ್ನು ಕಲಿತದ್ದೆಲ್ಲಿ? ಸಿನಿಮಾ ಟೆಂಟಿನಲ್ಲಿ. ‘ಸಾಂಗ್ಲಿಯಾನ’ (1988) ನೋಡಿ ಶಂಕರನಾಗ್ ಅವರಿಗೆ ಶಿಳ್ಳೆ ಹೊಡೆದವರು ನಾವು. ‘ಪೋಲೀಸ್ ಸ್ಟೋರಿ’ (1996)ಯ ಸಾಯಿಕುಮಾರ್ ಅವರ ಮಾತು ಬಂದೂಕಿಗಿಂತ ಜೋರಾಗಿ ಸಿಡಿದಾಗ ರೋಮಾಂಚನಗೊಂಡವರು. ಆ ಚಿತ್ರಗಳ ಮೇಲೆ ನನಗೆ ಕೋಪವಿಲ್ಲ. ಆದರೆ ಯಾವ ಭಾಷೆಯದೇ ಆಗಲಿ, ಪೋಲೀಸ್ ಚಿತ್ರಗಳ ಒಂದು ವ್ಯಾಕರಣವಿದೆ. ನಾಯಕ ಪಿಸ್ತೂಲನ್ನು ಕೆನ್ನೆಯ ಪಕ್ಕ ಆಕಾಶಕ್ಕೆ ಮುಖಮಾಡಿ ಹಿಡಿಯುತ್ತಾನೆ. ಅದರಿಂದ ಗುರಿಗೇನೂ ಲಾಭವಿಲ್ಲ, ಮುಖವೂ ಪಿಸ್ತೂಲೂ ಒಂದೇ ಚೌಕಟ್ಟಿನಲ್ಲಿ ಹಿಡಿಸುತ್ತವೆ, ಅಷ್ಟೆ. ಪ್ರತಿ ಬೆದರಿಕೆಗೂ ಒಮ್ಮೆ ಪಿಸ್ತೂಲನ್ನು ಹಿಂದಕ್ಕೆ ಜಗ್ಗಿ ‘ಖಟಕ್’ ಎನ್ನಿಸುತ್ತಾನೆ. ನಿಜಕ್ಕೂ ಗುಂಡು ತುಂಬಿದ ಪಿಸ್ತೂಲಾದರೆ ಒಂದೊಂದು ‘ಖಟಕ್’ಗೂ ಒಂದೊಂದು ಒಳ್ಳೆಯ ಗುಂಡು ಹೊರಕ್ಕೆ ಹಾರಿ ನೆಲಕ್ಕೆ ಬೀಳುತ್ತದೆ! ರೈಫಲನ್ನು ಸೊಂಟದ ಬಳಿ ಒಂದೇ ಕೈಯಲ್ಲಿ ಹಿಡಿದು ಹೊಡೆಯುತ್ತಾನೆ. ಬೆರಳು ಸದಾ ಟ್ರಿಗರಿನ ಮೇಲೆ. ಗುಂಡಿಗೆ ಲೆಕ್ಕವಿಲ್ಲ, ಗುರಿ ತಪ್ಪುವುದಿಲ್ಲ, ಭುಜ ನೋಯುವುದಿಲ್ಲ.

ಕಾಲೇಜಿನಲ್ಲಿ ಎನ್.ಸಿ.ಸಿ. ಸೇರಿದ್ದಾಗ ನನಗೆ ಸಿಕ್ಕಿದ್ದು ಪಾಯಿಂಟ್ ಟೂ-ಟೂ ರೈಫಲು ಮತ್ತು ಐದು ಗುಂಡು. ಅದಕ್ಕೆ ಮೊದಲು ಎಷ್ಟೋ ದಿನ ಬರೀ ನಿಲ್ಲುವುದನ್ನು, ಮಲಗುವುದನ್ನು ಹೇಳಿಕೊಟ್ಟರು. ಬಲಗೈಯವನಾದರೆ ಎಡಗಾಲು ಮುಂದೆ, ಕಾಲುಗಳ ನಡುವೆ ಭುಜದಗಲ ಅಂತರ, ಮೈಭಾರ ತುಸು ಮುಂದಕ್ಕೆ. ಹಿಂಬದಿಯ ಮರದ ಬಟ್ಟು ಭುಜದ ಗುಳಿಯಲ್ಲಿ ಒತ್ತಿ ಕೂರಬೇಕು. ಕೆನ್ನೆ ಮರಕ್ಕೆ ಅಂಟಬೇಕು. ಉಸಿರನ್ನು ಅರ್ಧ ಬಿಟ್ಟು ತಡೆದು, ಟ್ರಿಗರನ್ನು ಜಗ್ಗದೆ ಮೆಲ್ಲಗೆ ಹಿಂಡಬೇಕು. ಇವೆಲ್ಲಾ ಪೆರೇಡಿನ ಶಿಸ್ತಿಗಾಗಿ ಎಂದು ಆಗ ತಿಳಿದಿದ್ದೆ. ಅಲ್ಲ. ಬಂದೂಕು ಮುಂದಕ್ಕೆ ಗುಂಡು ಕಳಿಸಿದಷ್ಟೇ ನಿಶ್ಚಯವಾಗಿ ಹಿಂದಕ್ಕೆ ಒದೆಯುತ್ತದೆ. ಬಟ್ಟು ಭುಜಕ್ಕೆ ಸರಿಯಾಗಿ ಕೂರದಿದ್ದರೆ ಆ ಒದೆತ ಕಾಲರ್ ಮೂಳೆಗೆ ಬೀಳುತ್ತದೆ. ಒಮ್ಮೆ ಆ ಪೆಟ್ಟು ತಿಂದವನು ಎರಡನೆಯ ಸಲ ಗುಂಡು ಹಾರುವ ಮೊದಲೇ ಬೆಚ್ಚುತ್ತಾನೆ, ಕಣ್ಣು ಮುಚ್ಚುತ್ತಾನೆ, ಟ್ರಿಗರನ್ನು ಜಗ್ಗುತ್ತಾನೆ. ಕೈಯಲ್ಲಿ ಕೂದಲೆಳೆಯಷ್ಟು ಅಲುಗಿದ್ದು ನೂರು ಗಜ ದೂರದಲ್ಲಿ ಮಾರುದ್ದ ತಪ್ಪುತ್ತದೆ. ಅಲ್ಲಿ ನಿಂತಿರುವವರು ಯಾರೋ!

ಎರಡು ನಿಯಮಗಳು ಇವಕ್ಕೂ ಮೊದಲಿನವು. ಹೊಡೆಯುವ ನಿರ್ಧಾರವಾಗುವ ತನಕ ಬೆರಳು ಟ್ರಿಗರಿನ ಹೊರಗಿರಬೇಕು. ಬಂದೂಕಿನ ಬಾಯಿ ಯಾವ ಮನುಷ್ಯನ ಕಡೆಗೂ ತಿರುಗಬಾರದು, ಅದು ಖಾಲಿಯೇ ಇದ್ದರೂ. ಕೊಡಗಿನ ಗೆಳೆಯರನ್ನು ಕೇಳಿ ನೋಡಿ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಆ ಜನಕ್ಕೆ ಕೋವಿ ಆಟದ ಸಾಮಾನಲ್ಲ, ಮನೆಯ ಹಿರಿಯರ ಕಣ್ಣೆದುರು ಕಲಿಯುವ ಮರ್ಯಾದೆಯ ವಸ್ತು.

ಹಾಗಾದರೆ ಪೋಲೀಸರಿಗೆ ಇದು ಗೊತ್ತಿರುವುದಿಲ್ಲವೇ? ತರಬೇತಿ ಶಾಲೆಯಲ್ಲಿ ಎಲ್ಲರಿಗೂ ಹೇಳಿಕೊಟ್ಟಿರುತ್ತಾರೆ. ಆಮೇಲಿನದನ್ನು ನಮ್ಮ ಹಿರಿಯರು ಹೇಳಿದರು: “ಬಂದೂಕು ಅಂದ್ರೆ ನಮಗೆ ಹೊರೋ ಸಾಮಾನು. ಉಜ್ಜೋ ಸಾಮಾನು. ದಾರಕ್ಕೆ ಚಿಂದಿ ಕಟ್ಟಿ ನಳಿಗೆ ಒಳಗೆ ಎಳೀತಿದ್ವಿ, ಎಣ್ಣೆ ಹಾಕ್ತಿದ್ವಿ, ಲೆಕ್ಕ ಬರೆದು ಒಳಗೆ ಇಡ್ತಿದ್ವಿ. ಗುಂಡು ಹಾರಿಸಿದ್ರೆ ಖಾಲಿ ಕೇಸು ಹುಡುಕಿ ಎಣಿಸಿ ಕೊಡಬೇಕು. ಒಂದು ಗುಂಡು ಕಮ್ಮಿ ಆದ್ರೆ ಸಸ್ಪೆಂಡು. ಕಳ್ಳನಿಗಿಂತ ಆ ಲೆಕ್ಕದ ಪುಸ್ತಕಕ್ಕೇ ನಾವು ಜಾಸ್ತಿ ಹೆದರ್ತಿದ್ವಿ.” ಬಂದೂಕು ಹಿಡಿಯುವುದು ಈಜಿದಂತೆ, ಒಮ್ಮೆ ಕಲಿತರೆ ಮರೆಯುವುದಿಲ್ಲ ಎಂದು ಎಣಿಸುವವರಿದ್ದಾರೆ. ಅದು ಸಂಗೀತದಂತೆ, ಸಾಧಕವಿಲ್ಲದಿದ್ದರೆ ಶ್ರುತಿ ತಪ್ಪುತ್ತದೆ. ಸಾಧಕಕ್ಕೆ ಗುಂಡು ಬೇಕು, ಗುಂಡಿಗೆ ದುಡ್ಡು ಬೇಕು, ಬಂದೋಬಸ್ತಿನ ನಡುವೆ ಬಿಡುವು ಬೇಕು.

ಈಗ ಚಿತ್ರಕ್ಕೆ ಬರೋಣ. ಮಲಯಾಳಂನಲ್ಲಿ ‘ಉಂಡ’ ಎಂದರೆ ಬಂದೂಕಿನ ಗುಂಡು, ನಮ್ಮ ‘ಉಂಡೆ’ಯ ದಾಯಾದಿ ಶಬ್ದ. ಕೇರಳದ ಪೋಲೀಸರ ಒಂದು ತುಕಡಿಯನ್ನು ಚುನಾವಣಾ ಬಂದೋಬಸ್ತಿಗೆಂದು ಛತ್ತೀಸಗಢದ ಮಾವೋವಾದಿ ಪ್ರದೇಶಕ್ಕೆ ಕಳಿಸುತ್ತಾರೆ. 2014ರಲ್ಲಿ ಕೇರಳದ ಪೋಲೀಸರು ನಿಜವಾಗಿಯೂ ಹಾಗೆ ಹೋಗಿ ಬಂದದ್ದೇ ಕಥೆಗೆ ಪ್ರೇರಣೆ. ಭಾಷೆ ಬಾರದು, ಕಾಡು ಗೊತ್ತಿಲ್ಲ, ಕೈಯಲ್ಲಿ ಬಂದೂಕಿದೆ, ಗುಂಡು ಸಾಲದು. ಊರಿನಿಂದ ಗುಂಡು ಬಂದೀತೆಂದು ಕಾಯುವುದೇ ಕಥೆಯ ಹುರಿ. ಇಷ್ಟರಲ್ಲೇ ಹರ್ಷದ್ ಅವರ ಚಿತ್ರಕಥೆ ನಮ್ಮ ಪೋಲೀಸ್ ಚಿತ್ರಗಳ ವ್ಯಾಕರಣವನ್ನು ತಲೆಕೆಳಗು ಮಾಡುತ್ತದೆ. ಇಲ್ಲಿ ಗುಂಡಿಗೆ ಲೆಕ್ಕವಿದೆ.

ತುಕಡಿಯ ನಾಯಕ ಸಬ್ ಇನ್ಸ್‌ಪೆಕ್ಟರ್ ಮಣಿ, ಪಾತ್ರಧಾರಿ ಮಮ್ಮೂಟಿ. ‘ಇನ್ಸ್‌ಪೆಕ್ಟರ್ ಬಲರಾಂ’ (1991)ನಂಥ ಚಿತ್ರಗಳಲ್ಲಿ ಖಾಕಿ ಹಾಕಿ ಗುಡುಗಿದ ಅದೇ ನಟ. ಇಲ್ಲಿ ಗುಂಡಿನ ಸದ್ದು ಮೊದಲ ಸಲ ಕೇಳಿದಾಗ ಮಣಿ ಸಾಹೇಬರು ಆಜ್ಞೆ ಕೊಡಲಾಗದೆ ಮರಗಟ್ಟಿಹೋಗುತ್ತಾರೆ. ಆಮೇಲೆ ತಮ್ಮ ಕೆಳಗಿನವರ ಮುಂದೆ ಅದನ್ನು ಒಪ್ಪಿಕೊಳ್ಳುತ್ತಾರೆ. ಇಷ್ಟು ವರ್ಷದ ನೌಕರಿಯಲ್ಲಿ ಇಂಥದ್ದು ಎದುರಾಗಿರಲೇ ಇಲ್ಲ ಎಂಬ ಆ ತಪ್ಪೊಪ್ಪಿಗೆ, ನನ್ನ ಮಟ್ಟಿಗೆ, ಇಡೀ ಚಿತ್ರದ ಹೃದಯ. ನಾಯಕನ ನಿಲುವು ಕುಸಿಯುವುದನ್ನು ತೋರಿಸಲು ನಮ್ಮ ತೆರೆಗೆ ಇಷ್ಟು ಕಾಲ ಧೈರ್ಯ ಬಂದಿರಲಿಲ್ಲ. ಆ ದೃಶ್ಯ ಬಂದಾಗ ನಮ್ಮ ಹಿರಿಯರು ಕೈಯಲ್ಲಿದ್ದ ಕಾಫಿಯನ್ನು ಕುಡಿಯದೆ ಹಾಗೇ ಹಿಡಿದಿದ್ದರು.

ಇನ್ನೊಂದು ಗುಣ: ಈ ಪೋಲೀಸರು ಬಂದೂಕನ್ನು ಹೊರುವ ರೀತಿ. ಅದು ಅವರ ಮೈಗೆ ಸೇರಿದ ಅಂಗವಲ್ಲ, ಸಾಮಾನು. ಹಾಸಿಗೆ, ಪೆಟ್ಟಿಗೆ, ಪಾತ್ರೆಗಳ ಜತೆ ಬಂದ ಇನ್ನೊಂದು ಹೊರೆ.

ದೋಷಗಳೂ ಇವೆ. ಆದಿವಾಸಿ ಮೂಲದ ಕಾನ್ಸ್‌ಟೇಬಲ್ ಬಿಜು (ಲುಕ್ಮಾನ್) ಸಹೋದ್ಯೋಗಿಗಳಿಂದಲೇ ಅನುಭವಿಸುವ ಅವಮಾನ ಚಿತ್ರದ ಬಲವಾದ ಎಳೆ. ಅದಕ್ಕೆ ಸಿಕ್ಕ ಅವಕಾಶ ಸಾಲದು. ಹೇಳಬೇಕಾದ್ದನ್ನು ಗಡಿಬಿಡಿಯಲ್ಲಿ ಹೇಳಿ ಮುಂದೆ ಹೋಗುತ್ತಾರೆ. ಛತ್ತೀಸಗಢದ ಹಳ್ಳಿಗರು ಹೆಚ್ಚಾಗಿ ಹಿನ್ನೆಲೆಯಲ್ಲೇ ಉಳಿಯುತ್ತಾರೆ. ಮತಗಟ್ಟೆಗೆ ನುಗ್ಗುವ ಗೂಂಡಾಗಳನ್ನು ಎದುರಿಸುವ ಕೊನೆಯ ಕಾಳಗದಲ್ಲಿ, ಅಷ್ಟು ಹೊತ್ತು ಸಾಮಾನ್ಯ ಮನುಷ್ಯನಾಗಿದ್ದ ಮಣಿಯೊಳಗಿಂದ ತಾರಾನಟ ಎದ್ದು ನಿಲ್ಲುತ್ತಾನೆ. ಅಭಿಮಾನಿಗಳ ಸಾಲ ತೀರಿಸಿದಂತೆ ಕಂಡಿತು. ಆದರೂ ಅಲ್ಲಿ ಅವರನ್ನು ಕಾಯುವುದು ದಿನನಿತ್ಯ ಕೈಯಲ್ಲಿ ಪಳಗಿದ ಲಾಠಿಯೇ ಹೊರತು ಬಂದೂಕಲ್ಲ ಎಂಬುದು ಕಥೆಗೆ ಒಪ್ಪುವ ಮಾತು.

ಇದೆಲ್ಲಾ ಕಥೆ ತಾನೇ ಎನ್ನುವವರು 2008ರ ನವೆಂಬರ್ 26ರ ರಾತ್ರಿಯನ್ನು ನೆನೆಯಬೇಕು. ಮುಂಬಯಿಯ ಛತ್ರಪತಿ ಶಿವಾಜಿ ಟರ್ಮಿನಸ್‌ನಲ್ಲಿ ಇಬ್ಬರು ಭಯೋತ್ಪಾದಕರು ಎ.ಕೆ. 47 ಹಿಡಿದು 50ಕ್ಕೂ ಹೆಚ್ಚು ಮಂದಿಯನ್ನು ಕೊಂದರು. ಅಲ್ಲಿದ್ದ ಪೋಲೀಸರಲ್ಲಿ ಹಲವರಿಗೆ ಲಾಠಿ, ಕೆಲವರಿಗೆ ತ್ರೀ ನಾಟ್ ತ್ರೀ. ಬ್ರಿಟಿಷರ ಕಾಲದ, ಸುಮಾರು ನಾಲ್ಕು ಕಿಲೋ ತೂಕದ ಆ ರೈಫಲಿನಲ್ಲಿ ಹಿಡಿಸುವುದು ಹತ್ತು ಗುಂಡು, ಪ್ರತಿ ಗುಂಡಿಗೂ ಕೈಯಿಂದ ಬೋಲ್ಟು ಎಳೆದು ತಳ್ಳಬೇಕು. ಎದುರಿನವನದು ಮೂವತ್ತು ಗುಂಡಿನ, ಟ್ರಿಗರ್ ಒತ್ತಿದರೆ ಸುರಿಯುವ ಆಯುಧ. ಆ ರಾತ್ರಿ ನಿಲ್ದಾಣದೊಳಗೆ ಚಿತ್ರ ತೆಗೆಯುತ್ತಿದ್ದ ಪತ್ರಿಕಾ ಛಾಯಾಗ್ರಾಹಕ ಸೆಬಾಸ್ಟಿಯನ್ ಡಿಸೋಜ, ಬಂದೂಕಿದ್ದ ಪೋಲೀಸರೂ ಗುಂಡು ಹಾರಿಸಲಿಲ್ಲವೆಂದು ನೊಂದು ಹೇಳಿದರು. ಅದೇ ನಿಲ್ದಾಣದಲ್ಲಿ ರೈಲ್ವೆ ರಕ್ಷಣಾ ದಳದ ಝಿಲ್ಲೂ ಯಾದವ್ ಸಹೋದ್ಯೋಗಿಯ ಕೈಯಿಂದ ರೈಫಲು ಕಿತ್ತುಕೊಂಡು ಹೊಡೆದದ್ದೂ ನಿಜ. ಆಮೇಲೆ ಗಿರಗಾಂವ್ ಚೌಪಾಟಿಯಲ್ಲಿ ತುಕಾರಾಂ ಓಂಬ್ಳೆ ಕಸಬನ ಬಂದೂಕಿನ ನಳಿಗೆಯನ್ನೇ ಬರಿಗೈಯಲ್ಲಿ ಹಿಡಿದು, ಗುಂಡುಗಳನ್ನು ತಮ್ಮ ಮೈಯಲ್ಲಿ ತಡೆದು, ಅವನನ್ನು ಜೀವಂತ ಸೆರೆಹಿಡಿಸಿದರು. ಧೈರ್ಯಕ್ಕೆ ಕೊರತೆ ಇರಲಿಲ್ಲ. ಆದರೆ ಯೋಚಿಸಿ: ನಮ್ಮ ವ್ಯವಸ್ಥೆ ಪೋಲೀಸನ ಎದೆಯನ್ನು ನೆಚ್ಚಿಕೊಂಡಷ್ಟು ಅವನ ಅಭ್ಯಾಸಕ್ಕೆ ಖರ್ಚು ಮಾಡಿದೆಯೇ? ಉತ್ತರ ಪ್ರದೇಶದ ಪೋಲೀಸರು ತ್ರೀ ನಾಟ್ ತ್ರೀಗೆ ವಿದಾಯ ಹೇಳಿದ್ದು 2020ರಲ್ಲಿ.

ಇಲ್ಲಿ ಅಮೆರಿಕದಲ್ಲಿ ಎಲ್ಲಾ ಚೆನ್ನಾಗಿದೆ ಎಂದು ಬೀಗುವುದಕ್ಕೂ ಮುನ್ನ ಒಂದು ಮಾತು. ಇಲ್ಲಿನ ಪೋಲೀಸರಿಗೆ ಗುಂಡಿನ ಬರವಿಲ್ಲ, ಅಭ್ಯಾಸವೂ ಉಂಟು. ಆದರೂ 1999ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ನಾಲ್ವರು ಪೋಲೀಸರು ನಿರಾಯುಧನಾದ ಅಮಡೂ ಡಿಯಾಲೋ ಎಂಬ ಯುವಕನತ್ತ 41 ಗುಂಡು ಹಾರಿಸಿದರು. 2021ರ ಏಪ್ರಿಲಿನಲ್ಲಿ ಮಿನ್ನೆಸೋಟಾದ ಬ್ರೂಕ್ಲಿನ್ ಸೆಂಟರಿನಲ್ಲಿ 26 ವರ್ಷ ಅನುಭವವಿದ್ದ ಅಧಿಕಾರಿಣಿಯೊಬ್ಬರು ಟೇಸರ್ ಎಂದು ಭಾವಿಸಿ ಪಿಸ್ತೂಲು ತೆಗೆದು ಹೊಡೆದರು, ಡಾಂಟೆ ರೈಟ್ ಎಂಬ ಇಪ್ಪತ್ತು ವರ್ಷದ ಹುಡುಗ ಸತ್ತ. ಕಾಲು ಸರಿಯಾಗಿ ಊರುವುದನ್ನು ಕಲಿಸಬಹುದು, ಕೈ ತಡೆಯುವುದನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಸಬೇಕು. ಅಲ್ಲಿ ಗುಂಡು ಹಾರದೆ ಜನ ಸಾಯುತ್ತಾರೆ, ಇಲ್ಲಿ ಹಾರಿ. ಎರಡಕ್ಕೂ ನಗುವುದು ಕಷ್ಟ.

ಚಿತ್ರ ಮುಗಿದ ಮೇಲೆ ನಮ್ಮ ಹಿರಿಯರನ್ನು ಕೇಳಿದೆ, ಹೇಗಿತ್ತು ಎಂದು. “ಚೆನ್ನಾಗೈತಪ್ಪಾ,” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ನಾನೂ ಒಂದ್ಸಲ ಹಿಂಗೇ ನಿಂತುಬಿಟ್ಟಿದ್ದೆ. ಗಲಾಟೆ ಆಗಿತ್ತು, ಕೈಯಲ್ಲಿ ಬಂದೂಕಿತ್ತು, ಕೈ ಏಳಲಿಲ್ಲ. ಪುಣ್ಯಕ್ಕೆ ಜನ ಚದುರಿದ್ರು. ಇವತ್ತಿನ ತನಕ ಮನೇಲಿ ಹೇಳಿಲ್ಲ,” ಎಂದರು. ಮಗ ಪಕ್ಕದಲ್ಲೇ ಕೂತಿದ್ದ. ಅವನೂ ಆಗಲೇ ಮೊದಲು ಕೇಳಿದ್ದು.

ಮೂವತ್ತು ವರ್ಷ ಒಬ್ಬ ಮನುಷ್ಯ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಹೊರಗೆ ತಂದ ಚಿತ್ರಕ್ಕೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಿಲ್ಲ. ಸಿಕ್ಕಿದರೆ ತಪ್ಪದೆ ನೋಡಿ, ಮಕ್ಕಳಿಗೂ ತೋರಿಸಿ. ಮುಂದಿನ ಸಲ ಅಂಥ ವಿಡಿಯೋ ನಿಮ್ಮ ಫೋನಿಗೆ ಬಂದಾಗ ನಗಬೇಡಿ ಎನ್ನಲಾರೆ. ನಗು ತಡೆಯಲು ನನಗೂ ಆಗುವುದಿಲ್ಲ. ಆದರೆ ಮತ್ತೊಬ್ಬರಿಗೆ ಕಳಿಸುವ ಮುನ್ನ ಆ ಹಿರಿಯರ ಪ್ರಶ್ನೆಯನ್ನು ಒಮ್ಮೆ ಕೇಳಿಕೊಳ್ಳಿ: ಈ ಮನುಷ್ಯನಿಗೆ ಕೊನೆಯ ಸಲ ಅಭ್ಯಾಸಕ್ಕೆಂದು ಗುಂಡು ಕೊಟ್ಟದ್ದು ಯಾವಾಗ?

ಈ ಬಗ್ಗೆ ಓದುಗ ಮಿತ್ರರ ಅನಿಸಿಕೆಗಳಿಗೆ ಸ್ವಾಗತ. ಪೋಲೀಸ್ ಮನೆತನದಿಂದ ಬಂದವರು ನಮ್ಮಲ್ಲಿ ಕೆಲವರಾದರೂ ಇದ್ದೀರಿ, ದಯವಿಟ್ಟು ಬರೆಯಿರಿ.